ಮಾಯಕ್ಕೆ ಸಂದ ಮಕ್ಕಳು

2024ರ ಮೇ ತಿಂಗಳಲ್ಲಿ ಪುತ್ತೂರಿನ ಕುಟುಂಬವೊಂದು ವರ ಬೇಕಾಗಿದ್ದಾನೆ ಎಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. ಜಾತಿ, ಬರಿ (ತಾಯಿಯ ಕಡೆಯಿಂದ ಬರುವ ಬಳಿ), ಫೋನ್ ನಂಬರು ಎಲ್ಲವೂ ಮಾಮೂಲು ಮದುವೆ ಜಾಹೀರಾತಿನಲ್ಲಿ ಇರುವಂತೆಯೇ ಇದ್ದವು. ಆದರೆ ಹುಡುಗಿ ತೀರಿಕೊಂಡು 30 ವರ್ಷವಾಗಿತ್ತು. ಅದೇ ಜಾತಿಯ, ಬೇರೆ ಬರಿಯ, ಸುಮಾರು 30 ವರ್ಷದ ಹಿಂದೆ ತೀರಿಹೋದ ಗಂಡಿದ್ದರೆ, ಪ್ರೇತ ಮದುವೆ ಮಾಡಿಸಲು ಆ ಮನೆಯವರು ಒಪ್ಪುವುದಾದರೆ ತಿಳಿಸಿ ಎಂದು ಕೇಳಿದ್ದರು.

ಘಟ್ಟದ ಮೇಲಿನವರಿಗೆ ಅದೊಂದು ಸೋಜಿಗದ ಸುದ್ದಿಯಾಯಿತು. ಮೊಬೈಲಿನಿಂದ ಮೊಬೈಲಿಗೆ ಹಾರಿ ಹೊರರಾಜ್ಯಗಳ ಪತ್ರಿಕೆಗಳಿಗೂ ಹೋಯಿತು. ಪುತ್ತೂರು, ಸುಳ್ಯ, ಕಡಬದ ಹಳ್ಳಿಗಳಲ್ಲಿ ಮಾತ್ರ ಸೋಜಿಗಪಟ್ಟವರು ಕಡಿಮೆ. ಕುಲೆ ಮದಿಮೆ, ಅಂದರೆ ಪ್ರೇತ ಮದುವೆ, ಇಲ್ಲಿ ಅಜ್ಜಂದಿರ ಕಾಲದಿಂದ ನಡೆದು ಬಂದದ್ದು. ಹೊಸತೆಂದರೆ ಅದಕ್ಕೆ ಪತ್ರಿಕೆಯ ಜಾಹೀರಾತು ಬಂದದ್ದು, ಅಷ್ಟೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮೂವತ್ತರ ಲೆಕ್ಕ. ಕೂಸಾಗಿದ್ದಾಗ ಹೋದ ಮಗಳು ಕೂಸಾಗಿಯೇ ಉಳಿದಿಲ್ಲ. ಕಣ್ಣಿಗೆ ಕಾಣದ ಕಡೆ ವರ್ಷಕ್ಕೊಂದು ವರ್ಷ ದೊಡ್ಡವಳಾಗಿದ್ದಾಳೆ, ಈಗ ಮದುವೆಯ ಪ್ರಾಯ ಬಂದಿದೆ. ತೀರಿಹೋದ ಮಗು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ತುಳುನಾಡು ಕೊಟ್ಟುಕೊಂಡ ಉತ್ತರ ಇದು. ಇದೇ ಪ್ರಶ್ನೆಗೆ ಉತ್ತರ ಭಾರತ ಕೊಟ್ಟುಕೊಂಡ ಉತ್ತರ ಬೇರೆ. ಅಲ್ಲಿ ಹೋದವರು ಇನ್ನೊಂದು ಮನೆಯಲ್ಲಿ ಹುಟ್ಟುತ್ತಾರೆ. ಮಾತು ಕಲಿತ ಕೂಡಲೇ ತಮ್ಮ ಮನೆ ಇದಲ್ಲ ಎನ್ನುತ್ತಾರೆ. ಆ ಮಾತಿನ ಬೆನ್ನು ಹತ್ತಿ ವಿಜ್ಞಾನಿಗಳು ಹೊರಟರು. ಅವರ ದಾರಿ ದೆಹಲಿಯಿಂದ ಮಥುರೆಗೆ, ಅಮೆರಿಕದಿಂದ ಆಗ್ರಾದ ಹಳ್ಳಿಗಳಿಗೆ, ಕೊನೆಗೆ ನಮ್ಮ ಬೆಂಗಳೂರಿಗೂ ಬಂತು. ಎರಡು ಉತ್ತರಗಳನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂದು ನನಗೆ ಬಹುಕಾಲದಿಂದ ಅನಿಸುತ್ತಿತ್ತು.

ಮೊದಲು ದೆಹಲಿಯ ಕಥೆ. 1926ರ ಡಿಸೆಂಬರ್ 11ರಂದು ಅಲ್ಲಿ ಶಾಂತಿದೇವಿ ಎಂಬ ಹೆಣ್ಣುಮಗು ಹುಟ್ಟಿತು. ನಾಲ್ಕು ವರ್ಷ ಆಗುವ ಹೊತ್ತಿಗೆ ತನ್ನ ಊರು ಮಥುರೆ, ಅಲ್ಲಿ ಗಂಡ ಇದ್ದಾನೆ, ಮಗ ಇದ್ದಾನೆ ಎನ್ನತೊಡಗಿತು. ಗಂಡನ ಹೆಸರು ಕೇಳಿದರೆ ಹೇಳುತ್ತಿರಲಿಲ್ಲ. ಆ ಕಾಲದ ಗೃಹಿಣಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದುಂಟೇ? ಮಥುರೆಗೆ ಕರೆದುಕೊಂಡು ಹೋಗುತ್ತೇವೆಂದು ಹಿರಿಯರು ಆಸೆ ತೋರಿಸಿದ ಮೇಲೆ ಮೆಲ್ಲಗೆ ಬಂದ ಹೆಸರು ಕೇದಾರನಾಥ ಚೌಬೆ. ಆ ಹೆಸರಿಗೆ ಕಾಗದ ಹೋಯಿತು. ಕಾಗದಕ್ಕೆ ಉತ್ತರವೂ ಬಂತು. ಅಂಥ ಮನುಷ್ಯ ಮಥುರೆಯಲ್ಲಿ ನಿಜವಾಗಿಯೂ ಇದ್ದರು. ಅವರ ಹೆಂಡತಿ ಲುಗ್ದಿ ಗಂಡುಮಗುವನ್ನು ಹೆತ್ತು ಕೆಲವೇ ದಿನಗಳಲ್ಲಿ, 1925ರ ಅಕ್ಟೋಬರ್ 4ರಂದು ತೀರಿಕೊಂಡಿದ್ದಳು.

1935ರ ನವೆಂಬರಿನಲ್ಲಿ ಕೇದಾರನಾಥರು ಮಗನನ್ನು ಕರೆದುಕೊಂಡು ದೆಹಲಿಗೆ ಬಂದರು. ತಾನು ಕೇದಾರನಾಥನ ಅಣ್ಣ ಎಂದು ಹೇಳಿಸಿಕೊಂಡು ಬಂದರೂ ಹುಡುಗಿ ಗುರುತು ಹಿಡಿದಳಂತೆ. ಆಮೇಲಿನ ದೃಶ್ಯ ಓದಿದವರಿಗೆ ಮರೆಯುವುದಿಲ್ಲ. ಒಂಬತ್ತು ವರ್ಷ ಇನ್ನೂ ತುಂಬದ ಆ ಹುಡುಗಿ, ತನಗಿಂತ ಒಂದು ವರ್ಷಕ್ಕೆ ದೊಡ್ಡವನಾದ ಹುಡುಗನನ್ನು ಮಗನೆಂದು ತಬ್ಬಿಕೊಂಡು ಅತ್ತಳು. ತನ್ನ ಆಟಿಕೆಗಳನ್ನು ತಂದು ಅವನಿಗೆ ಕೊಟ್ಟಳು. ತಾಯಿಯ ಸಂಕಟ ಅಷ್ಟು ಸಣ್ಣ ದೇಹದೊಳಗೆ ಎಲ್ಲಿಂದ ಬಂತೆಂದು ನೋಡಿದವರೂ ಅತ್ತರು.

ಗಾಂಧೀಜಿಯವರೂ ಈ ವಿಷಯದಲ್ಲಿ ಆಸಕ್ತಿ ತಳೆದರು. 15 ಜನರ ಸಮಿತಿಯೊಂದು 1935ರ ನವೆಂಬರ್ 24ರಂದು ಹುಡುಗಿಯನ್ನು ರೈಲಿನಲ್ಲಿ ಮಥುರೆಗೆ ಕರೆದೊಯ್ದಿತು. ಟಾಂಗಾದ ಮುಂದೆ ಕುಳಿತು ಅವಳೇ ಮನೆಯ ದಾರಿ ತೋರಿಸಿದಳು ಎಂದು ವರದಿಯಾಯಿತು. ಮನೆಯೊಳಗೆ ತಾನು ದುಡ್ಡು ಹೂತಿಟ್ಟ ಜಾಗ ಇದು ಎಂದಳು. ಅಗೆದರೆ ಗುಂಡಿ ಖಾಲಿ. ಆ ದುಡ್ಡನ್ನು ತಾನೇ ತೆಗೆದುಕೊಂಡಿದ್ದಾಗಿ ಕೇದಾರನಾಥರು ಆಮೇಲೆ ಒಪ್ಪಿಕೊಂಡರು. 1936ರಲ್ಲಿ ಆ ಸಮಿತಿಯ ಲಾಲಾ ದೇಶಬಂಧು ಗುಪ್ತ, ನೇಕಿರಾಮ ಶರ್ಮ ಮತ್ತು ತಾರಾಚಂದ ಮಾಥುರರ ವರದಿ ಅಚ್ಚಾಯಿತು. ಇದನ್ನು ಪುನರ್ಜನ್ಮಕ್ಕೆ ಪುರಾವೆ ಎನ್ನಲಾಗದು ಎಂದು ಬಾಲಚಂದ ನಾಹಟಾ ಎಂಬವರು ಆಗಲೇ ಬರೆದರು.

ವಾದ ಅಲ್ಲಿಗೆ ಮುಗಿಯಲಿಲ್ಲ, ಈಗಲೂ ಮುಗಿದಿಲ್ಲ. ಆದರೆ ಪೇಪರಿನವರು ಹೋದ ಮೇಲೆ ಆ ಹುಡುಗಿಯ ಬದುಕು ಏನಾಯಿತು ಎಂದು ಕೇಳಿದವರು ಕಡಿಮೆ. ಮಥುರೆಯ ಮನೆಗೆ ಅವಳು ಸೇರುವಂತಿರಲಿಲ್ಲ. ಶಾಂತಿದೇವಿ ಮದುವೆಯಾಗಲಿಲ್ಲ. 1987ರ ಡಿಸೆಂಬರಿನಲ್ಲಿ ತೀರಿಕೊಳ್ಳುವವರೆಗೂ ಲೋಕ ಅವರನ್ನು ಮಾತಾಡಿಸಿದ್ದು ಹೆಚ್ಚಾಗಿ ಹಿಂದಿನ ಜನ್ಮದ ವಿಚಾರಕ್ಕೇ.

ದೆಹಲಿಯ ಈ ಗದ್ದಲಕ್ಕೆ ಮುಂಚೆಯೇ ಬರೇಲಿಯಲ್ಲಿ ಒಬ್ಬ ತಂದೆ ತುಂಬ ಜಾಣತನದ ಕೆಲಸ ಮಾಡಿದ್ದರು. ವಕೀಲರಾಗಿದ್ದ ಕೇಕಯ ನಂದನ ಸಹಾಯ್ ಅವರ ಮಗ ಜಗದೀಶಚಂದ್ರ, 1926ರಲ್ಲಿ, ತಾನು ಬನಾರಸಿನ ಇನ್ನೊಂದು ಮನೆಯವನೆಂದು ಹೇಳತೊಡಗಿದ. ಸಹಾಯ್ ಅವರು ಮಗನನ್ನು ಬನಾರಸಿಗೆ ಓಡಿಸಿಕೊಂಡು ಹೋಗಲಿಲ್ಲ. ಅವನು ಹೇಳಿದ್ದನ್ನೆಲ್ಲ ಮೊದಲು ಬರೆದಿಟ್ಟರು. ಪತ್ರಿಕೆಯಲ್ಲಿ ಪ್ರಕಟಿಸಿ, ಇದರಲ್ಲಿ ನಿಜವೆಷ್ಟೆಂದು ತಿಳಿದವರು ತಿಳಿಸಿ ಎಂದರು. ಕೋರ್ಟಿನಲ್ಲಿ ಸಾಕ್ಷಿ ಕೆಡುವುದು ಹೇಗೆಂದು ವಕೀಲರಿಗೆ ಗೊತ್ತಿತ್ತು. ಎರಡು ಕುಟುಂಬಗಳು ಒಮ್ಮೆ ಭೇಟಿಯಾದರೆ ಮುಗಿಯಿತು. ಮಗು ಹೇಳಿದ್ದು ಯಾವುದು, ದೊಡ್ಡವರು ಸೇರಿಸಿದ್ದು ಯಾವುದು ಎಂದು ಬೇರೆ ಮಾಡುವುದು ಮೊಸರಿನಿಂದ ಹಾಲು ತೆಗೆದಂತೆ. ಮುಂದೆ ಈ ಕ್ಷೇತ್ರಕ್ಕೆ ಬಂದ ಸಂಶೋಧಕರಿಗೆಲ್ಲ ದೊಡ್ಡ ತೊಡಕಾದದ್ದು ಇದೇ. ಬಹುಪಾಲು ಸಂದರ್ಭಗಳಲ್ಲಿ ಅವರು ತಲುಪುವಷ್ಟರಲ್ಲಿ ಎರಡು ಮನೆಯವರೂ ಪರಸ್ಪರ ಕಂಡು, ಅತ್ತು, ಉಂಡು ಆಗಿರುತ್ತಿತ್ತು.

1961ರಲ್ಲಿ ಇಯಾನ್ ಸ್ಟೀವನ್ಸನ್ ಭಾರತಕ್ಕೆ ಬಂದರು. ಕೆನಡಾದಲ್ಲಿ ಹುಟ್ಟಿ, ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಮನೋವೈದ್ಯ ವಿಭಾಗದ ಮುಖ್ಯಸ್ಥರಾಗಿದ್ದವರು. ಐದು ಪ್ರಕರಣಗಳ ಸುಳಿವು ಹಿಡಿದು ಬಂದವರಿಗೆ ಕೆಲವೇ ವಾರಗಳಲ್ಲಿ ಇಪ್ಪತ್ತೈದರಷ್ಟು ಸಿಕ್ಕಿದವು. ಜೆರಾಕ್ಸ್ ವಿಧಾನ ಕಂಡುಹಿಡಿದ ಚೆಸ್ಟರ್ ಕಾರ್ಲ್‌ಸನ್ ಅವರ ಕೆಲಸಕ್ಕೆ ಹಣ ಕೊಟ್ಟರು. 1966ರಲ್ಲಿ 20 ಪ್ರಕರಣಗಳ ಪುಸ್ತಕ ಬಂತು. ಅದರ ಹೆಸರಿನಲ್ಲೇ ಸ್ಟೀವನ್ಸನ್ ಎಚ್ಚರ ವಹಿಸಿದ್ದರು: ಇವು ಪುನರ್ಜನ್ಮವನ್ನು ಸೂಚಿಸುವ ಪ್ರಕರಣಗಳು ಎಂದರೇ ಹೊರತು ಸಾಧಿಸುವ ಪ್ರಕರಣಗಳು ಎನ್ನಲಿಲ್ಲ. 2007ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಕಪಾಟುಗಳಲ್ಲಿ ಲೋಕದ ನಾನಾ ಕಡೆಯ ಸುಮಾರು 2500 ಮಕ್ಕಳ ಕಡತಗಳಿದ್ದವು.

ಈ ಕಡತಗಳ ಮಕ್ಕಳಲ್ಲಿ ಕೆಲವು ಹೋಲಿಕೆಗಳಿವೆ. ಎರಡರಿಂದ ನಾಲ್ಕು ವರ್ಷದೊಳಗೆ ಮಾತು ಶುರುವಾಗುತ್ತದೆ, ಐದರಿಂದ ಎಂಟರೊಳಗೆ ತಾನಾಗಿ ನಿಲ್ಲುತ್ತದೆ. ಅವರು ನೆನೆಯುವ ಸಾವು ಬಹಳ ಸಲ ಕೊಲೆಯೋ ಅಪಘಾತವೋ ನೀರುಪಾಲೋ ಆಗಿರುತ್ತದೆ. ನೀರಿನಲ್ಲಿ ಹೋದೆ ಎನ್ನುವ ಮಗುವಿಗೆ ನೀರೆಂದರೆ ಹೆದರಿಕೆ. ಹೆತ್ತವರಿಗೆ ಇದು ಹೆಮ್ಮೆ ಎಂದುಕೊಂಡರೆ ತಪ್ಪು. ಹಿಂದಿನ ಜನ್ಮ ನೆನಪಿರುವ ಮಗು ಹೆಚ್ಚು ಕಾಲ ಬದುಕುವುದಿಲ್ಲ ಎಂಬ ನಂಬಿಕೆ ಉತ್ತರದ ಹಳ್ಳಿಗಳಲ್ಲಿದೆ. ಅದಕ್ಕೇ ಮಗುವನ್ನು ಗದರಿಸುತ್ತಾರೆ, ಹೊಡೆಯುತ್ತಾರೆ, ಚಕ್ರದ ಮೇಲೆ ಕೂರಿಸಿ ಅಪ್ರದಕ್ಷಿಣವಾಗಿ ತಿರುಗಿಸುತ್ತಾರೆ. ಹೀಗೆ ಬಾಯಿ ಮುಚ್ಚಿಸಿದ ಮಕ್ಕಳೂ ಮುಚ್ಚಿಸದ ಮಕ್ಕಳೂ ಹೆಚ್ಚುಕಡಿಮೆ ಒಂದೇ ವಯಸ್ಸಿಗೆ ಮರೆಯುತ್ತಾರೆ ಎಂಬುದನ್ನು ಸ್ಟೀವನ್ಸನ್ ಮತ್ತು ದೆಹಲಿಯ ಎನ್.ಕೆ. ಛಡ್ಡಾ 1990ರಲ್ಲಿ ತೋರಿಸಿದರು. ಅಂದರೆ ಬಿದ್ದ ಪೆಟ್ಟುಗಳೆಲ್ಲ ಸುಮ್ಮನೆ ಬಿದ್ದವು.

ಕರ್ನಾಟಕದವರಿಗೆ ಈ ಕಥೆಯಲ್ಲಿ ಹತ್ತಿರದ ಕೊಂಡಿ ಬೆಂಗಳೂರಿನ ನಿಮ್ಹಾನ್ಸ್. ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಹಳೆಯ ಮಾನಸಿಕ ಆಸ್ಪತ್ರೆಯೂ ಸೇರಿ 1974ರಲ್ಲಿ ಆದ ಸಂಸ್ಥೆ ಅದು. ಅಲ್ಲಿನ ಮನಶ್ಶಾಸ್ತ್ರಜ್ಞ ಎಚ್.ಎನ್. ಮೂರ್ತಿ ಇಂಥ ಅಧ್ಯಯನಕ್ಕೆ ಬೆಂಬಲವಾಗಿ ನಿಂತರು. ಸತ್ವಂತ್ ಪಸ್ರಿಚಾ ಎಂಬ ಸಂಶೋಧಕಿ 1970ರ ದಶಕದಿಂದ ಮೂರು ದಶಕಗಳ ಕಾಲ ಇದನ್ನೇ ಹಿಡಿದು ದುಡಿದರು. ಯಾರೋ ಬಂದು ಹೇಳಿದ ಪ್ರಕರಣವನ್ನು ಕಾಯುತ್ತ ಕೂರದೆ, ಡೇವಿಡ್ ಬಾರ್ಕರ್ ಎಂಬ ಸಂಶೋಧಕರ ಜೊತೆಗೂಡಿ ಆಗ್ರಾ ಜಿಲ್ಲೆಯ ಫತೇಹಾಬಾದಿನಲ್ಲಿ ಹಳ್ಳಿಯಿಂದ ಹಳ್ಳಿಗೆ ಕೇಳುತ್ತ ಹೋದರು. 1979ರಲ್ಲಿ ಪ್ರಕಟವಾದ ಆ ಸಮೀಕ್ಷೆಯ ಲೆಕ್ಕ ಸಾವಿರ ಜನಕ್ಕೆ ಎರಡು ಚಿಲ್ಲರೆ ಪ್ರಕರಣ. ಪತ್ರಿಕೆಗೆ ಬರುವುದು ಕೆಲವು ಮಾತ್ರ; ಉಳಿದವು ಮನೆಯ ಅಂಗಳ ದಾಟುವುದಿಲ್ಲ.

ಆದರೆ ಬೆಂಗಳೂರಿನಲ್ಲಿ ಕೂತು ಕೆಲಸ ಮಾಡುತ್ತಿದ್ದ ಪಸ್ರಿಚಾ ಪ್ರತಿ ಸಲವೂ ಉತ್ತರಕ್ಕೇ ರೈಲು ಹತ್ತಬೇಕಾಗುತ್ತಿತ್ತು. ದಕ್ಷಿಣದಿಂದ ಬರುತ್ತಿದ್ದ ವರದಿಗಳು ತೀರ ಕಡಿಮೆ. ಅವರು ನಮ್ಮ ಚನ್ನಪಟ್ಟಣದ ಹಳ್ಳಿಗಳಲ್ಲಿ, ಸತ್ತರೆಂದುಕೊಂಡ ಮೇಲೆ ಎದ್ದು ಕುಳಿತವರನ್ನು ಹುಡುಕಿ ಮಾತಾಡಿಸಿದರು; ಅಂಥ ಅನುಭವ ಹೇಳುವವರು ಸಿಕ್ಕಿದರು. ಹಿಂದಿನ ಜನ್ಮ ಹೇಳುವ ಮಕ್ಕಳು ಮಾತ್ರ ಅಪರೂಪ. ದಕ್ಷಿಣದಲ್ಲಿ ಏಕಿಷ್ಟು ಕಡಿಮೆ ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಟ್ಟು 2001ರಲ್ಲಿ ಅವರು ಪ್ರಬಂಧ ಪ್ರಕಟಿಸಿದರು. ಪುನರ್ಜನ್ಮವನ್ನು ನಾವು ನಂಬುವುದಿಲ್ಲವೆಂದಲ್ಲ. ಏನೇ ಕಷ್ಟ ಬಂದರೂ ಪೂರ್ವಜನ್ಮದ ಕರ್ಮ ಎನ್ನುವವರು, ಮೊಮ್ಮಗನ ಮುಖ ನೋಡಿ ಅಜ್ಜನೇ ಹುಟ್ಟಿ ಬಂದ ಎನ್ನುವವರು ನಾವೇ. ನಂಬಿಕೆ ಇದೆ, ಮಾತಾಡುವ ಮಗು ಇಲ್ಲ.

ಇದಕ್ಕೆ ಉತ್ತರದ ಒಂದು ಎಳೆ ಸ್ಟೀವನ್ಸನ್ ಅವರ ಕಡತಗಳಲ್ಲೇ ಇದೆ. ಅಲಾಸ್ಕಾದ ಟ್ಲಿಂಗಿಟ್ ಜನರಲ್ಲಿ ವಂಶ ತಾಯಿಯ ಕಡೆಯಿಂದ ಹರಿಯುತ್ತದೆ. ಅವರಲ್ಲಿ ಹೋದವರು ಹೆಚ್ಚಾಗಿ ತಾಯಿಯ ಕಡೆಯಲ್ಲೇ ಮತ್ತೆ ಹುಟ್ಟುತ್ತಾರೆ. ಉತ್ತರ ಭಾರತದಲ್ಲಾದರೆ ಗುರುತಿಲ್ಲದ ಊರಿನ, ಗುರುತಿಲ್ಲದ ಮನೆಯಲ್ಲಿ ಹುಟ್ಟುತ್ತಾರೆ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಸಿ.ಟಿ.ಕೆ. ಚಾರಿ ಇದನ್ನೇ ಹಿಡಿದು, ಮಗುವಿನ ಮಾತಿಗೆ ಆಕಾರ ಕೊಡುವುದು ಸುತ್ತಲಿನ ಸಂಸ್ಕೃತಿ ಎಂದು ವಾದಿಸಿದರು. ನನಗೆ ಅವರ ಮಾತು ಸರಿಯೆನಿಸುತ್ತದೆ. ಮೂರು ವರ್ಷದ ಮಗು ದಿನಕ್ಕೆ ನೂರು ಮಾತಾಡುತ್ತದೆ. ಯಾವ ಮಾತಿಗೆ ಮನೆಯವರು ಕಿವಿ ನಿಮಿರಿಸುತ್ತಾರೋ ಆ ಮಾತು ಬೆಳೆಯುತ್ತದೆ.

ಹಾಗಾದರೆ ತುಳುನಾಡಿನ ಕಿವಿ ಯಾವ ಕಡೆಗಿದೆ? ಇಲ್ಲಿ ಸಾವಿಗೆ ಒಂದು ಮಾತಿದೆ: ಕಾಯ ಬಿಟ್ಟು ಮಾಯ ಸೇರುವುದು. ಕಾಣುವ ಲೋಕ ಜೋಗ, ಕಾಣದ್ದು ಮಾಯ. ಮಾಯವೆಂದರೆ ಇಲ್ಲವಾಗುವುದಲ್ಲ, ಇಲ್ಲೇ ಕಾಣದೆ ಇರುವುದು. ಪುತ್ತೂರಿನ ಪಡುಮಲೆಯಲ್ಲಿ ಬೆಳೆದ ವೀರರು ಕೋಟಿ ಚೆನ್ನಯರು ಎಣ್ಮೂರಿನಲ್ಲಿ ಕಾಯ ಬಿಟ್ಟರು. ಅವರು ಇನ್ನೊಬ್ಬ ತಾಯಿಯ ಹೊಟ್ಟೆಯಲ್ಲಿ ಹುಟ್ಟಲಿಲ್ಲ. ಬೈದೆರ್ಲು ಎಂಬ ದೈವಗಳಾಗಿ ಗರಡಿಗಳಲ್ಲಿ ನಿಂತರು. ಈಗಲೂ ನೇಮದ ಇರುಳು ಬಂದು ಮಾತಾಡುತ್ತಾರೆ. ದೊಡ್ಡವರು ದೈವವಾಗುವ ಈ ನೆಲದಲ್ಲಿ ಸಾಮಾನ್ಯರು ಕುಲೆಗಳಾಗಿ ಮನೆಯಲ್ಲೇ ಉಳಿಯುತ್ತಾರೆ.

ಆಟಿ ತಿಂಗಳು ಬಂತೆಂದರೆ ಅದು ಕಣ್ಣಿಗೆ ಕಾಣುತ್ತದೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಗದ್ದೆ ಕೆಲಸ ಮುಗಿದು ಮಳೆ ಬಿಡದೆ ಸುರಿಯುವ ಕಾಲ. ಶುಭಕಾರ್ಯಗಳಿಲ್ಲ. ಹೋದವರಿಗೆ ಬಡಿಸುವ ದಿನ ಮನೆಯವರೆಲ್ಲ ಸೇರುತ್ತಾರೆ. ಕುಡಿಬಾಳೆಲೆ ಹಾಕಿ, ಅನ್ನ, ಕೋಳಿಸಾರು, ಮೀನು ಬಡಿಸುತ್ತಾರೆ. ಎಲೆಯಡಿಕೆ, ಬೀಡಿ, ಶೇಂದಿ, ಯಾರಿಗೆ ಏನು ಇಷ್ಟವಿತ್ತೋ ಅದು. ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲುತ್ತಾರೆ. ಉಣ್ಣುವವರಿಗೆ ಬೇಕಾದಷ್ಟು ಹೊತ್ತು ಕೊಟ್ಟು, ಬಾಗಿಲು ತಟ್ಟಿ ಒಳಗೆ ಹೋಗಿ ತಾವು ಉಣ್ಣುತ್ತಾರೆ. ಸುಳ್ಯದ ಅರೆಭಾಷೆಯ ಮನೆಗಳಲ್ಲೂ ಹಿರಿಯರಿಗೆ ಎಡೆ ಇಡುವ ಕ್ರಮ ಗಟ್ಟಿಯಾಗಿದೆ. ಹೋದವರ ಇಷ್ಟಾನಿಷ್ಟವನ್ನು ವರ್ಷಕ್ಕೊಮ್ಮೆಯಾದರೂ ನೆನೆಯಲೇಬೇಕಾದ ಮನೆಯಲ್ಲಿ, ಅವರು ಬೇರೆ ಊರಿನಲ್ಲಿ ಹುಟ್ಟಿದ್ದಾರೆ ಎಂದು ಯಾರು ಹುಡುಕಿಕೊಂಡು ಹೋಗಬೇಕು?

ಕುಲೆ ಮದಿಮೆ ನಡೆಯುವುದೂ ಹೆಚ್ಚಾಗಿ ಇದೇ ಆಟಿಯಲ್ಲಿ. ಮನೆಯಲ್ಲಿ ಬದುಕಿರುವ ಮಕ್ಕಳಿಗೆ ಸಂಬಂಧ ಕೂಡಿ ಬರುವುದಿಲ್ಲ, ಕಾಯಿಲೆ ಬಿಡುವುದಿಲ್ಲ. ಬಲಿಮೆ ಇಟ್ಟು ಪ್ರಶ್ನೆ ನೋಡಿದಾಗ, ಮದುವೆಯಾಗದೆ ಹೋದ ಮಗುವೊಂದಿದೆ, ಅದಕ್ಕೀಗ ಪ್ರಾಯ ಬಂದಿದೆ ಎಂದು ಕಾಣುತ್ತದೆ. ಆಗ ಮನೆಯವರು ಅಂಥದೇ ಇನ್ನೊಂದು ಮನೆ ಹುಡುಕುತ್ತಾರೆ. ತಾಯಿಯ ಕಡೆಯಿಂದ ಬರುವ ಬರಿ ಒಂದೇ ಆಗಿದ್ದರೆ ಸಂಬಂಧ ಆಗುವುದಿಲ್ಲ. ಅಳಿಯಕಟ್ಟಿನ ನಿಯಮ ಕುಲೆಗೂ ಬಿಡುವುದಿಲ್ಲ. ಹುಡುಗಿಯ ಪ್ರಾಯ ಹೆಚ್ಚೆಂದು ಗಂಡಿನವರು ಬೇಡವೆನ್ನುವುದೂ ಉಂಟು.

2022ರ ಜುಲೈ 28ರ ಆಟಿ ಅಮಾವಾಸ್ಯೆಯಂದು ನಡೆದ ಅಂಥ ಮದುವೆಯೊಂದರ ವಿವರವನ್ನು ಅಲ್ಲಿ ಕುಳಿತು ನೋಡಿದವರೇ ಹೊರಗಿನವರಿಗೆ ತಿಳಿಸಿದ್ದರು. ಗಂಡಿನ ಕಡೆಯವರು ಧಾರೆಸೀರೆ ತಂದರು. ಸೀರೆ ಉಡಲು ಹುಡುಗಿಗೆ ಸ್ವಲ್ಪ ಹೊತ್ತು ಬಿಟ್ಟುಕೊಟ್ಟರು. ಎರಡು ಕುರ್ಚಿಗಳ ಮೇಲೆ ಗಂಡಿನ ಬಟ್ಟೆ, ಹೆಣ್ಣಿನ ಬಟ್ಟೆ. ಮದುವೆಗೆ ಮೊದಲು ಹೆಣ್ಣು ಯಾವ ಬದಿಗೆ, ಆಮೇಲೆ ಯಾವ ಬದಿಗೆ ಎಂಬುದರಲ್ಲೂ ತಪ್ಪಿಲ್ಲ. ಊಟಕ್ಕೆ ಮೀನು, ಕೋಳಿ ಸುಕ್ಕ, ಕಡ್ಲೆ ಬಲ್ಯಾರ್. ಮಕ್ಕಳು ಮತ್ತು ಮದುವೆಯಾಗದವರು ಮಾತ್ರ ಈ ಮದುವೆಯನ್ನು ನೋಡುವಂತಿಲ್ಲ. ನೆಂಟರ ಮುಖದಲ್ಲಿ ದುಃಖ ಕಾಣುವುದಿಲ್ಲ. ನಿಜವಾದ ಮದುವೆಮನೆಯ ಗಡಿಬಿಡಿಯೇ ಇರುತ್ತದೆ.

ಕಡಬ ತಾಲೂಕಿಗೆ ಸೇರಿದ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಹಿಂದಿನ ಜನ್ಮ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಸಂತಾನವಾಗದವರು, ಹುಟ್ಟಿದ ಮಕ್ಕಳು ಉಳಿಯದವರು ದೂರದೂರದಿಂದ ಅಲ್ಲಿಗೆ ಬಂದು ಸರ್ಪಸಂಸ್ಕಾರ ಮಾಡಿಸುತ್ತಾರೆ. ಈ ಜನ್ಮದಲ್ಲೋ ಹಿಂದಿನ ಜನ್ಮದಲ್ಲೋ ಹಾವಿಗೆ ಆದ ಅಪಚಾರಕ್ಕೆ ಎರಡು ದಿನದ ಆ ಕ್ರಿಯೆ, ಹಾವಿನ ಉತ್ತರಕ್ರಿಯೆಯಂತೆಯೇ ನಡೆಯುತ್ತದೆ. ಅಲ್ಲಿ ಯಾರಿಗೂ ಹಿಂದಿನದು ನೆನಪಿಲ್ಲ. ನೆನಪಿಲ್ಲದ ಸಾಲವನ್ನೂ ತೀರಿಸಲೇಬೇಕೆಂಬ ಭಾವ ಮಾತ್ರ ಇದೆ. ಉತ್ತರದಲ್ಲಿ ಹಿಂದಿನ ಜನ್ಮವನ್ನು ಮಗು ಹೊತ್ತು ನಡೆಯುತ್ತದೆ. ಇಲ್ಲಿ ಅದನ್ನು ಹೊರುವವರು ದೊಡ್ಡವರು.

ಈ ವ್ಯತ್ಯಾಸ ಸಣ್ಣದಲ್ಲ. ಮಗುವಿನ ಹೆಗಲ ಮೇಲೆ ದೊಡ್ಡವರ ನಂಬಿಕೆ ಕುಳಿತರೆ ಏನಾಗುತ್ತದೆಂದು ನಮ್ಮ ರಾಜ್ಯವೂ ಕಂಡಿದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಆ ಸಮಿತಿ ಪಾಂಡವಪುರಕ್ಕೆ ಹೋಗಿ, ಕೈಯಿಂದ ವಿಭೂತಿ ಬರಿಸುತ್ತಾನೆಂದು ಜನ ಮುಗಿಬೀಳುತ್ತಿದ್ದ ಒಬ್ಬ ಸಣ್ಣ ಹುಡುಗನನ್ನು ಪರೀಕ್ಷಿಸಿತು. ವಿಭೂತಿ ಅಂಗಿಯೊಳಗೆ ಅಡಗಿಸಿಟ್ಟದ್ದೆಂದು ಬಯಲಾಯಿತು. ಮೋಸ ಎಂದು ಊರು ಬೈದುಕೊಂಡಿತು. ಏಳು ವರ್ಷದ ಹುಡುಗನಿಗೆ ಆ ಅಂಗಿ ಹೊಲಿಸಿ ತೊಡಿಸಿದ ಕೈ ದೊಡ್ಡವರದೇ ಅಲ್ಲವೇ?

ಇಷ್ಟೆಲ್ಲ ಹೇಳುವಾಗ ಪುತ್ತೂರಿನ ಬಾಲವನ ನೆನಪಾಗುತ್ತದೆ. ಶಿವರಾಮ ಕಾರಂತರು ಅಲ್ಲಿ ಮಕ್ಕಳನ್ನು ಹೆದರಿಸದೆ ಕಲಿಸುವ ಶಾಲೆಯ ಪ್ರಯೋಗ ಮಾಡಿದರು. 1968ರಲ್ಲಿ ಬಂದ ಅವರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯ ಅಜ್ಜಿಗೆ ಒಂದು ವಸ್ತುವನ್ನು ಮುಟ್ಟಿದರೆ ಅದರ ಹಿಂದಿನದೆಲ್ಲ ಕಾಣುತ್ತದೆ. ದೇವರು, ಮರಣ, ಆಚೆಲೋಕ ಯಾವುದನ್ನೂ ಪ್ರಶ್ನಿಸದೆ ಬಿಡದ ಕಾರಂತರು, ಹಿಂದಿನದನ್ನು ಕಾಣುವ ಕಣ್ಣನ್ನು ಕೊಟ್ಟದ್ದು ಮಗುವಿಗಲ್ಲ, ಬದುಕೆಲ್ಲ ಕಂಡು ಮಾಗಿದ ವಿಧವೆಗೆ. ತುಳುನಾಡಿನ ನೆರಳಿನಲ್ಲಿ ನಲವತ್ತು ವರ್ಷ ಬಾಳಿದವರಿಗೆ ಹಾಗೆ ತೋಚಿದ್ದು ನನಗೆ ಸಹಜವೆನಿಸುತ್ತದೆ.

ಪುನರ್ಜನ್ಮ ಇದೆಯೇ ಎಂಬುದಕ್ಕೆ ಆ 2500 ಕಡತಗಳು ಕೊನೆಯ ಉತ್ತರ ಕೊಟ್ಟಿಲ್ಲ. ಕುಲೆ ಮದಿಮೆಯಿಂದ ಮನೆಯ ಕಾಯಿಲೆ ಗುಣವಾಗುತ್ತದೆಂದು ನಾನು ಹೇಳಲಾರೆ. ಕಾಯಿಲೆಗೆ ಡಾಕ್ಟರ ಬಳಿಗೇ ಹೋಗಬೇಕು. ಆದರೆ ದೆಹಲಿಯಿಂದ ಪುತ್ತೂರಿನವರೆಗಿನ ಈ ಚರಿತ್ರೆ ಓದುತ್ತ ಓದುತ್ತ ನನಗೆ ಒಂದು ಮಾತು ಗಟ್ಟಿಯಾಗಿದೆ. ಹೋದ ಮಗುವನ್ನು ನೆನೆಯುವ ಹೊಣೆ ಬದುಕಿರುವ ಮಗುವಿನ ಮೇಲೆ ಬೀಳಬಾರದು. ನಾಳೆ ನಿಮ್ಮ ಮನೆಯ ಮೂರು ವರ್ಷದ ಕಂದ ತನ್ನ ಮನೆ ಬೇರೆ ಇದೆ ಎಂದರೆ ಹೊಡೆಯಬೇಡಿ, ಊರು ಸೇರಿಸಬೇಡಿ. ಬರೇಲಿಯ ವಕೀಲರಂತೆ ಕೇಳಿ, ಬೇಕಿದ್ದರೆ ಬರೆದಿಡಿ. ಅದರ ಬಾಲ್ಯ ಅದಕ್ಕೇ ಇರಲಿ.

ನೆನೆಯುವ ಹೊಣೆ ದೊಡ್ಡವರಿಗಿದೆ, ಅದನ್ನು ಹೊರುವುದು ಈ ನೆಲಕ್ಕೆ ಗೊತ್ತಿದೆ. ಪುತ್ತೂರಿನ ಆ ಜಾಹೀರಾತಿನಲ್ಲಿ 30 ಎಂದು ಬರೆಸಬೇಕಾದರೆ, ಆ ಮನೆಯಲ್ಲಿ ಯಾರೋ ಪ್ರತಿ ವರ್ಷವೂ ಎಣಿಸಿದ್ದಾರೆ. ಈಗ ಶಾಲೆಗೆ ಹೋಗುವ ಪ್ರಾಯ, ಈಗ ಎಸ್ಸೆಸ್ಸೆಲ್ಸಿ ಬರೆಯುವ ಪ್ರಾಯ, ಈಗ ಮದುವೆಯ ಪ್ರಾಯ ಎಂದು. ಕೂಸಾಗಿದ್ದಾಗ ಹೋದ ಮಗಳನ್ನು ಲೆಕ್ಕ ತಪ್ಪದೆ ದೊಡ್ಡವಳಾಗಿ ಬೆಳೆಸಿದ್ದಾರೆ.